ಕ್ಯಾಮೆರಾ ಹಾಕಿದ ಮೊಹರು ಒಡೆಯದಂತೆ ನೋಡಿಕೊಳ್ಳುವುದು ಹೇಗೆ?

ಸಕಲೇಶಪುರ ಕಡೆಯ ಗೆಳೆಯನೊಬ್ಬ ಕಳೆದ ಮಳೆಗಾಲದಲ್ಲಿ ಕಾಫಿ ತೋಟದ ಬೇಲಿ ದಾಟುತ್ತಿದ್ದ ಒಂಟಿಸಲಗದ ಫೋಟೊ ತೆಗೆದ. ಸಿಲ್ವರ್ ಓಕ್ ಮರಗಳ ನಡುವೆ ಮಂಜು, ಆನೆಯ ದಂತಕ್ಕೆ ಮೆತ್ತಿಕೊಂಡ ಕೆಂಪು ಮಣ್ಣು. ಮಧ್ಯಾಹ್ನದೊಳಗೆ ಫೋಟೊ ಊರೆಲ್ಲ ಸುತ್ತಿತು. ಸಂಜೆಗೆ ‘ಇದು ಎಐ ಮಾಡಿದ್ದು’ ಎಂಬ ಮಾತೂ ಸುತ್ತಿತು. ಅವನ ಕ್ಯಾಮೆರಾದಲ್ಲಿ ಅಸಲಿತನದ ಸಹಿ ಹಾಕುವ ಸೌಲಭ್ಯವಿತ್ತು, ಆನ್ ಕೂಡ ಆಗಿತ್ತು. ಆದರೆ ಚಿಕ್ಕದೊಂದು ಪ್ರತಿಯನ್ನು ಮೊಬೈಲಿಗೆ ಇಳಿಸಿ, ಗ್ರೂಪಿಗೆ ಹಾಕಿ, ಅಂದೇ ಕಾರ್ಡ್ ಫಾರ್ಮ್ಯಾಟ್ ಮಾಡಿಬಿಟ್ಟಿದ್ದ. ತೋರಿಸಲು ಏನೂ ಉಳಿದಿರಲಿಲ್ಲ.

ಹಾಸನದ ನನ್ನ ಸ್ಟುಡಿಯೊಗೆ ಬರುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಮೆನುವಿನಲ್ಲಿ ಒಂದು ಆಯ್ಕೆ ಆನ್ ಮಾಡಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ನಿಜವಾದ ಕೆಲಸ ಕ್ಲಿಕ್ ಆದ ಮೇಲೆ ಶುರುವಾಗುತ್ತದೆ.

ಈ ಸಹಿಯ ಹಿಂದಿರುವುದು ಸಿ2ಪಿಎ ಎಂಬ ಮಾನದಂಡ. ಅಡೋಬಿ, ಮೈಕ್ರೋಸಾಫ್ಟ್, ಬಿಬಿಸಿ, ಇಂಟೆಲ್ ಮೊದಲಾದವು ಸೇರಿ 2021ರಲ್ಲಿ ಇದಕ್ಕಾಗಿ ಒಕ್ಕೂಟ ಕಟ್ಟಿದವು. ಕ್ಲಿಕ್ ಮಾಡಿದ ಕೂಡಲೇ ಕ್ಯಾಮೆರಾ ಚಿತ್ರದ ದತ್ತಾಂಶದಿಂದ ‘ಹ್ಯಾಶ್’ ಎಂಬ ಬೆರಳಚ್ಚು ತೆಗೆದು, ತನ್ನೊಳಗೆ ಬಚ್ಚಿಟ್ಟ ಗುಪ್ತ ಕೀಲಿಯಿಂದ ಅದಕ್ಕೆ ಸಹಿ ಹಾಕುತ್ತದೆ. ಆಮೇಲೆ ಒಂದೇ ಒಂದು ಪಿಕ್ಸೆಲ್ ಬದಲಾದರೂ ಬೆರಳಚ್ಚು ಹೊಂದುವುದಿಲ್ಲ. ಇನ್ಶೂರ್ ಮಾಡಿದ ಅಂಚೆ ಪಾರ್ಸೆಲ್ಲಿಗೆ ಹಾಕುತ್ತಿದ್ದ ಅರಗಿನ ಮೊಹರು ನೆನಪಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಡೆದರೆ ಒಡೆದದ್ದು ಕಾಣುತ್ತದೆ, ಒಡೆದ ಮೇಲೆ ಮತ್ತೆ ಹಾಕಲು ಬರುವುದಿಲ್ಲ.

ಮೊದಲು ನಿಮ್ಮ ಕ್ಯಾಮೆರಾಗೆ ಇದು ಇದೆಯೇ ನೋಡಿ. 2023ರಲ್ಲಿ ಬಂದ ಲೈಕಾ ಎಂ11-ಪಿ ಈ ಸೌಲಭ್ಯವನ್ನು ಒಳಗೇ ಇಟ್ಟುಕೊಂಡು ಬಂದ ಮೊದಲ ಕ್ಯಾಮೆರಾ. ಸೋನಿ, ಕ್ಯಾನನ್, ನಿಕಾನ್ ತಮ್ಮ ಮೇಲ್ದರ್ಜೆಯ ಕೆಲವು ಮಾದರಿಗಳಿಗೆ ಕೊಟ್ಟಿವೆ, ಅದರಲ್ಲೂ ಸುದ್ದಿಸಂಸ್ಥೆಗಳಿಗೆ ಮೊದಲ ಆದ್ಯತೆ. ಮೊಬೈಲ್‌ಗಳಲ್ಲಿ ಗೂಗಲ್ ಪಿಕ್ಸೆಲ್ 10ರಲ್ಲಿ ಇದೆ. ಅಂಗಡಿಯವರ ಮಾತು ನಂಬಿ ಹಣ ಕೊಡಬೇಡಿ. ನಿಮ್ಮ ಮಾದರಿಗೆ, ನಮ್ಮ ದೇಶದಲ್ಲಿ ಇವತ್ತು ಸಿಗುತ್ತಿದೆಯೇ ಎಂದು ಕಂಪನಿಯ ಜಾಲತಾಣದಲ್ಲೇ ಓದಿಕೊಳ್ಳಿ. ನಿಕಾನ್ ಝಡ್6-3ಕ್ಕೆ 2025ರ ಆಗಸ್ಟ್‌ನಲ್ಲಿ ಈ ಸೇವೆ ಬಂತು. ಒಂದರ ಮೇಲೊಂದು ಚಿತ್ರ ಬೆರೆಸುವ ಮಲ್ಟಿಪಲ್ ಎಕ್ಸ್‌ಪೋಶರ್ ಬಳಸಿ, ಸಹಿಯಿಲ್ಲದ ಚಿತ್ರಕ್ಕೂ ಸಹಿ ಗಿಟ್ಟಿಸಬಹುದು ಎಂದು ಗೊತ್ತಾಗಿ, ಮರುತಿಂಗಳೇ ಕಂಪನಿ ಸೇವೆ ನಿಲ್ಲಿಸಿ, ಸಹಿ ಹಾಕಲು ಕ್ಯಾಮೆರಾಗಳಿಗೆ ಕೊಟ್ಟಿದ್ದ ಡಿಜಿಟಲ್ ಪ್ರಮಾಣಪತ್ರಗಳನ್ನು ರದ್ದು ಮಾಡಿತು.

ಹಳೆಯ ಫೋಟೊಗೆ ಈಗ ‘ಒರಿಜಿನಲ್’ ಮುದ್ರೆ ಹಾಕಿಕೊಡುವ ಆ್ಯಪ್‌ಗಳ ಹತ್ತಿರವೂ ಸುಳಿಯಬೇಡಿ. ಮೂಲೆಯಲ್ಲಿ ಅಂಟಿಸಿದ ಅಕ್ಷರವನ್ನು ಯಾರು ಬೇಕಾದರೂ ಅಂಟಿಸಬಹುದು. ಕ್ಯಾಮೆರಾದ ಸಹಿ ಕ್ಲಿಕ್ ಮಾಡುವ ಹೊತ್ತಿಗೇ ಬೀಳಬೇಕು.

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿಕೊಳ್ಳಿ. ಕಂಪನಿ ಕೇಳಿದರೆ ಖಾತೆ ತೆರೆದು, ಕ್ಯಾಮೆರಾ ನೋಂದಾಯಿಸಿ, ಪ್ರಮಾಣಪತ್ರವನ್ನು ಕ್ಯಾಮೆರಾಗೆ ಹಾಕಿಕೊಳ್ಳಿ. ಬಳಿಕ ಮೆನುವಿನಲ್ಲಿ ಆಯ್ಕೆ ಆನ್ ಮಾಡಿ.

ಗಡಿಯಾರವನ್ನು ಮಾತ್ರ ಎರಡು ಸಲ ನೋಡಿ. ತಿಂಗಳುಗಟ್ಟಲೆ ಬೀರುವಿನಲ್ಲಿದ್ದ ಕ್ಯಾಮೆರಾದ ಗಡಿಯಾರ ಎಷ್ಟೋ ಸಲ ಹಳೆಯ ತಾರೀಖಿಗೆ ಹೋಗಿ ಕೂತಿರುತ್ತದೆ. ಹಾಸನಾಂಬೆಯ ಗುಡಿ ಬಾಗಿಲು ತೆರೆದ ದಿನ ತೆಗೆದ ಚಿತ್ರದಲ್ಲಿ ಜನವರಿ ಒಂದು ಎಂದಿದ್ದರೆ ಅಸಲಿ ಚಿತ್ರದ ಮೇಲೂ ಜನ ಅನುಮಾನಪಡುತ್ತಾರೆ. ಜಿಪಿಎಸ್ ಬಗ್ಗೆಯೂ ಯೋಚಿಸಿ. ಆನೆ ಹಿಂಡು ಎಲ್ಲಿ ಬೀಡುಬಿಟ್ಟಿದೆ ಎಂಬುದನ್ನು ಫೋಟೊ ಜೊತೆಗೇ ಹಂಚುವುದು ಬೇಡ. ಕಾಡಿನ ಚಿತ್ರಗಳಿಗೆ ನಾನು ಅದನ್ನು ಆಫ್ ಮಾಡಿಯೇ ಇಡುತ್ತೇನೆ.

ಇನ್ನು ಎಲ್ಲರೂ ಕೆಡಿಸುವ ಹಂತ.

ಚಿತ್ರಗಳನ್ನು ಕಾರ್ಡ್ ರೀಡರ್ ಹಾಕಿಯೇ ಕಂಪ್ಯೂಟರಿಗೆ ಇಳಿಸಿ. ವೈಫೈಯಲ್ಲಿ ಮೊಬೈಲಿಗೆ ಕಳಿಸುವ ಆ್ಯಪ್‌ಗಳು ಕೆಲವೊಮ್ಮೆ ಗಾತ್ರ ಕುಗ್ಗಿಸಿ ಕೊಡುತ್ತವೆ. ಕುಗ್ಗಿದರೆ ಮೊಹರು ಹೋಯಿತು. ಇಳಿಸಿದ ಕೂಡಲೇ ‘ಮೂಲ’ ಎಂಬ ಫೋಲ್ಡರಿಗೆ ಒಂದು ಪ್ರತಿ, ಹೊರಗಿನ ಹಾರ್ಡ್ ಡಿಸ್ಕಿಗೆ ಇನ್ನೊಂದು. ಕಾಪಿ ಮಾಡಿದರೆ ಸಹಿ ಕೆಡುವುದಿಲ್ಲ, ಫೈಲಿನ ಹೆಸರು ಬದಲಿಸಿದರೂ ಕೆಡುವುದಿಲ್ಲ. ಕೆಡುವುದು ತೆರೆದು ಮತ್ತೆ ಸೇವ್ ಮಾಡಿದಾಗ. ಅಡ್ಡ ಬಿದ್ದ ಫೋಟೊವನ್ನು ಕಂಪ್ಯೂಟರಿನ ಸಾಮಾನ್ಯ ಫೋಟೊ ವೀಕ್ಷಕದಲ್ಲಿ ತೆರೆದು ನೆಟ್ಟಗೆ ತಿರುಗಿಸಿ ಸೇವ್ ಮಾಡಿದರೂ ಸಾಕು, ಮೊಹರು ಒಡೆಯುತ್ತದೆ. ಹಾಗಾಗಿ ‘ಮೂಲ’ ಫೋಲ್ಡರಿನ ಫೈಲುಗಳನ್ನು ರೀಡ್-ಓನ್ಲಿ, ಅಂದರೆ ತೆರೆದು ನೋಡಲು ಮಾತ್ರ ಬರುವಂತೆ, ಮಾಡಿಡಿ.

ಬೆಳಕು, ಕ್ರಾಪ್ ತಿದ್ದಲೇಬೇಕಿದ್ದರೆ ಸಿ2ಪಿಎ ಬಲ್ಲ ತಂತ್ರಾಂಶದಲ್ಲೇ ತಿದ್ದಿ. ಫೋಟೊಶಾಪ್‌ನಲ್ಲಿ ಕೆಲಸ ಶುರು ಮಾಡುವ ಮುಂಚೆಯೇ ಕಂಟೆಂಟ್ ಕ್ರೆಡೆನ್ಷಿಯಲ್ಸ್ (ಸಿ2ಪಿಎ ಸಹಿ, ದಾಖಲೆಗೆ ಇರುವ ಬಳಕೆಯ ಹೆಸರು) ಆನ್ ಮಾಡಬೇಕು. ಲೈಟ್‌ರೂಮ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಅದೇ ಹೆಸರಿನ ಆಯ್ಕೆ ಸಿಗುತ್ತದೆ. ಆಗ ತಿದ್ದಿದ ಪ್ರತಿಗೆ ಹೊಸ ಸಹಿ ಬೀಳುತ್ತದೆ, ಏನೇನು ತಿದ್ದಿದ್ದೀರಿ ಎಂಬ ದಾಖಲೆಯೂ ಸೇರುತ್ತದೆ. ಸಹಿಯನ್ನು ಫೈಲಿಗೆ ಲಗತ್ತಿಸುವುದೋ, ಕ್ಲೌಡ್‌ಗೆ ಹಾಕುವುದೋ ಎಂದು ಕೇಳುತ್ತದೆ. ಎರಡನ್ನೂ ಆರಿಸಿ. ಯಾರಾದರೂ ಫೈಲಿನಿಂದ ಮಾಹಿತಿ ಕಿತ್ತುಹಾಕಿದರೂ ಕ್ಲೌಡ್ ಪ್ರತಿಯಿಂದ ಪತ್ತೆಹಚ್ಚುವ ದಾರಿ ಉಳಿದಿರುತ್ತದೆ. ಮೊಬೈಲಿನ ಬ್ಯೂಟಿ ಫಿಲ್ಟರ್ ಆ್ಯಪ್‌ಗಳಿಗೆ ಈ ಚಿತ್ರಗಳನ್ನು ತೋರಿಸಲೂ ಬೇಡಿ.

ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ‘ಫೋಟೊ’ ಎಂದು ಹಾಕಿದರೆ ಚಿತ್ರ ಕುಗ್ಗಿ, ಒಳಗಿನ ಮಾಹಿತಿಯೆಲ್ಲ ಉದುರುತ್ತದೆ. ಎಚ್‌ಡಿ ಎಂದು ಒತ್ತಿದರೂ ಅಷ್ಟೇ. ಲಗತ್ತಿನ ಗುರುತು ಒತ್ತಿ, ‘ಡಾಕ್ಯುಮೆಂಟ್’ ಆರಿಸಿ, ಅಲ್ಲಿಂದ ಫೈಲ್ ಹಾಕಿ. ಪತ್ರಿಕೆಗೆ ಕಳಿಸುವುದಾದರೆ ಇಮೇಲ್ ಅಥವಾ ಡ್ರೈವ್ ಲಿಂಕ್ ಇನ್ನೂ ವಾಸಿ.

ಇದೆಲ್ಲ ಇದ್ದರೂ ಸಹಿ ಹೇಳುವುದು ಇಷ್ಟೇ: ಈ ಚಿತ್ರ ಈ ಕ್ಯಾಮೆರಾದಿಂದ ಬಂದಿದೆ, ಆಮೇಲೆ ಇಂತಿಂಥ ಬದಲಾವಣೆ ಆಗಿದೆ. ಟಿವಿ ಪರದೆಯಲ್ಲಿ ಮೂಡಿದ ಸುಳ್ಳು ಆನೆಯ ಫೋಟೊ ತೆಗೆದರೂ ಸಹಿ ಬೀಳುತ್ತದೆ. ಇದನ್ನು ಪತ್ತೆಹಚ್ಚಲೆಂದೇ ಸೋನಿ ತನ್ನ ವ್ಯವಸ್ಥೆಯಲ್ಲಿ ದೃಶ್ಯದ ಆಳದ ಮಾಹಿತಿಯನ್ನೂ (ಯಾವುದು ಎಷ್ಟು ದೂರದಲ್ಲಿದೆ ಎಂಬುದನ್ನು) ದಾಖಲಿಸುತ್ತದೆ. ಅಡಿಬರಹದ ಸುಳ್ಳನ್ನು ಮಾತ್ರ ಯಾವ ಸಹಿಯೂ ಹಿಡಿಯಲಾರದು. ಆಲೂರಿನ ಆನೆಯನ್ನು ಮೂಡಿಗೆರೆಯದ್ದು ಎಂದು ಬರೆದರೆ ಆ ತಪ್ಪು ಬರೆದವರದ್ದೇ.

ಆನೆ ತುಳಿದ ಭತ್ತ, ಮುರಿದ ಬಾಳೆಯ ಫೋಟೊ ಇಟ್ಟುಕೊಂಡು ಪರಿಹಾರ ಕೇಳುವ ರೈತರು ಇನ್ನೊಂದು ವಿಷಯ ತಿಳಿದಿರಬೇಕು. ವ್ಯಾಜ್ಯ ನ್ಯಾಯಾಲಯಕ್ಕೆ ಹೋದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿದ್ಯುನ್ಮಾನ ದಾಖಲೆಗೆ ಪ್ರತ್ಯೇಕ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಬರೆಯಬೇಕು. ಕ್ಯಾಮೆರಾದ ಸಹಿ ಅದಕ್ಕೆ ಬದಲಿಯಲ್ಲ. ಆ ಹ್ಯಾಶ್ ತೆಗೆಯುವುದಕ್ಕೂ ‘ಮೂಲ’ ಫೋಲ್ಡರಿನ ಫೈಲೇ ಬೇಕು.

ಕೊನೆಗೆ ಪರೀಕ್ಷೆ. ಮೊದಲ ದಿನವೇ ಮನೆಯಂಗಳದ ತುಳಸಿಕಟ್ಟೆಯದೊಂದು ಫೋಟೊ ತೆಗೆದು, ಮೇಲಿನ ಹಾದಿಯಲ್ಲೇ ಇಳಿಸಿ, ಬೇರೆಯವರಿಗೆ ಡಾಕ್ಯುಮೆಂಟ್ ಆಗಿ ಕಳಿಸಿ. ಅವರ ಕೈಗೆ ಬಂದ ಫೈಲನ್ನು ಕಂಟೆಂಟ್ ಕ್ರೆಡೆನ್ಷಿಯಲ್ಸ್‌ನ ವೆರಿಫೈ ಪುಟಕ್ಕೆ ಹಾಕಿಸಿ. ಸಹಿ ಮಾಡಿದವರ ಹೆಸರು, ತಾರೀಖು, ತಿದ್ದಿದ್ದರೆ ಅದರ ವಿವರ ಅಲ್ಲಿ ಕಾಣಬೇಕು. ಏನೂ ಕಾಣದಿದ್ದರೆ ಮೊದಲು ಕಾರ್ಡಿನಲ್ಲಿರುವ ಫೈಲನ್ನೇ ಹಾಕಿ ನೋಡಿ, ಆಮೇಲೆ ಕಂಪ್ಯೂಟರಿನದ್ದು, ಆಮೇಲೆ ಕಳಿಸಿದ್ದು. ಎಲ್ಲಿ ಸಹಿ ಮಾಯವಾಗಿದೆಯೋ ಅದೇ ಹೆಜ್ಜೆಯನ್ನು ಸರಿಮಾಡಿಕೊಳ್ಳಿ. ಪರೀಕ್ಷೆ ಪಾಸಾಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.