ಲ್ಯಾಮಿನೇಟ್ ಕೌಂಟರ್ ಟಾಪ್‌ಗೆ ನೀವೇ ಪೇಂಟ್ ಮಾಡೋದು ಹೇಗೆ, ಆಮೇಲೆ ಸಿಪ್ಪೆ ಏಳದೇ ಇರೋ ಹಾಗೆ

ಕಿಚನ್ ಕೌಂಟರ್ ಮೇಲಿನ ಲ್ಯಾಮಿನೇಟ್ ಮಂಕಾಗಿದೆ, ಅದೇ ಬಣ್ಣ ನೋಡಿ ನೋಡಿ ಸಾಕಾಗಿದೆ, ಆದ್ರೆ ಎಲ್ಲಾ ಕಿತ್ತು ಹೊಸದು ಹಾಕ್ಸೋದು ಈಗ ಆಗಲ್ಲ ಅನ್ನೋರಿಗೆ ಪೇಂಟ್ ಮಾಡೋದು ಒಳ್ಳೇ ದಾರಿ. ಆದ್ರೆ ಮೊದ್ಲೇ ಹೇಳ್ಬಿಡ್ತೀನಿ, ಇದ್ರಲ್ಲಿ ಬಣ್ಣ ಹಚ್ಚೋದು ಚಿಕ್ಕ ಕೆಲ್ಸ, ತೊಳೆಯೋದು ಉಜ್ಜೋದು ಒಣಗೋಕೆ ಬಿಡೋದು ಇವೇ ಮುಕ್ಕಾಲು ಪಾಲು, ಅದಕ್ಕೆ ತಾಳ್ಮೆ ಇಲ್ಲ ಅಂದ್ರೆ ದಯವಿಟ್ಟು ಕೈ ಹಾಕ್ಬೇಡಿ.

ಯಾಕೆ ಹೀಗಂತೀನಿ ಅಂದ್ರೆ, ಲ್ಯಾಮಿನೇಟ್ ಅನ್ನೋದು ರೆಸಿನ್‌ನಲ್ಲಿ ನೆನೆಸಿದ ಕಾಗದದ ಪದರಗಳನ್ನ ಬಿಸಿ ಮತ್ತೆ ಒತ್ತಡ ಕೊಟ್ಟು ಒಂದೇ ಹಾಳೆ ಮಾಡಿರೋದು, ಮೇಲಿನ ಡಿಸೈನ್ ಪದರಕ್ಕೆ ಮೆಲಮಿನ್ ರೆಸಿನ್ ಇರತ್ತೆ, ಅದು ನೀರು ಎಣ್ಣೆ ಏನನ್ನೂ ಒಳಗೆ ಬಿಟ್ಕೊಳ್ಳಲ್ಲ. ನಾವು ಕೌಂಟರ್‌ಗೆ ಇದನ್ನ ಹಾಕ್ಸೋದೇ ಆ ಗುಣಕ್ಕೆ, ಆದ್ರೆ ಪೇಂಟ್‌ಗೂ ಅದೇ ಗತಿ, ಹಿಡ್ಕೊಳ್ಳೋಕೆ ಜಾಗಾನೇ ಇಲ್ಲ. ಗೋಡೆಗೆ ಹಚ್ಚೋ ಪೇಂಟ್ ನೇರವಾಗಿ ಹಚ್ಚಿದ್ರೆ ಪಾತ್ರೆ ಎಳೆದಾಗ ಸಿಪ್ಪೆ ಸಿಪ್ಪೆಯಾಗಿ ಎದ್ದು ಬರತ್ತೆ.

ಶುರು ಮಾಡೋಕೆ ಮುಂಚೆ ಸಿಂಕ್ ಸುತ್ತ ಹೆಬ್ಬೆರಳಲ್ಲಿ ಒತ್ತಿ ನೋಡಿ. ಲ್ಯಾಮಿನೇಟ್ ಕೆಳಗೆ ಹೆಚ್ಚಾಗಿ ಪಾರ್ಟಿಕಲ್ ಬೋರ್ಡ್ ಇರತ್ತೆ, ನೀರು ಒಳಗೆ ಹೋಗಿದ್ರೆ ಅದು ಉಬ್ಬಿರತ್ತೆ ಇಲ್ಲಾ ಮೆತ್ತಗಾಗಿರತ್ತೆ. ಒಂದ್ಸಲ ಉಬ್ಬಿದ ಬೋರ್ಡ್ ಮತ್ತೆ ಮೊದಲಿನ ಹಾಗೆ ಆಗಲ್ಲ, ಅದರ ಮೇಲೆ ಎಷ್ಟು ಪೇಂಟ್ ಹಚ್ಚಿದ್ರೂ ವೇಸ್ಟ್, ಆ ಭಾಗ ಬದಲಾಯಿಸ್ಲೇಬೇಕು. ಅಂಚಲ್ಲಿ ಲ್ಯಾಮಿನೇಟ್ ಎದ್ದಿದ್ರೆ ಕಾಂಟ್ಯಾಕ್ಟ್ ಅಡ್ಹೆಸಿವ್ ಹಾಕಿ ಒತ್ತಿ ಕೂರಿಸಿ, ಚಕ್ಕೆ ಹಾರಿರೋ ಕಡೆ ಎಪಾಕ್ಸಿ ಪುಟ್ಟಿ ತುಂಬಿ ಒಣಗಿದ ಮೇಲೆ ಮಟ್ಟ ಮಾಡ್ಕೊಳ್ಳಿ.

ಈಗ ಜಿಡ್ಡು. ಕಣ್ಣಿಗೆ ಕ್ಲೀನಾಗಿ ಕಂಡ್ರೂ ಸ್ಟವ್ ಪಕ್ಕ ಎಣ್ಣೆ ಹಬೆ ಕೂತು ತೆಳ್ಳಗೆ ಒಂದು ಪದರ ಇದ್ದೇ ಇರತ್ತೆ, ಬೆರಳಲ್ಲಿ ಉಜ್ಜಿದ್ರೆ ಅಂಟಂಟು ಗೊತ್ತಾಗತ್ತೆ. ಡಿಗ್ರೀಸರ್ ಹಾಕಿ ಉಜ್ಜಿ, ಬರೀ ನೀರಲ್ಲಿ ಎರಡು ಸಲ ಒರೆಸಿ, ಯಾಕಂದ್ರೆ ಸೋಪು ಉಳಿದ್ರೂ ಪೇಂಟ್ ಹಿಡಿಯಲ್ಲ. ಸಿಂಕ್ ಅಂಚಲ್ಲಿ, ಗೋಡೆ ಸೇರೋ ಕಡೆ ಇರೋ ಹಳೇ ಸಿಲಿಕಾನ್ ಸೀಲೆಂಟ್‌ನ ಬ್ಲೇಡ್ ಹಾಕಿ ಪೂರ್ತಿ ತೆಗೀರಿ, ಇದನ್ನ ಬಹಳ ಜನ ಬಿಟ್ಬಿಡ್ತಾರೆ. ಸಿಲಿಕಾನ್ ಮೇಲೆ ಯಾವ ಪೇಂಟೂ ನಿಲ್ಲಲ್ಲ, ಕಣ್ಣಿಗೆ ಕಾಣದಷ್ಟು ಉಳಿದಿದ್ರೂ ಅಲ್ಲಿ ಮೀನಿನ ಕಣ್ಣಿನ ಹಾಗೆ ಗುಂಡಗೆ ಬಿಟ್ಕೊಂಡು ನಿಲ್ಲತ್ತೆ. ಸ್ಯಾಂಡಿಂಗ್‌ಗೆ ಮುಂಚೇನೇ ತೆಗೀಬೇಕು, ಇಲ್ಲಾಂದ್ರೆ ಪೇಪರ್ ಅದನ್ನ ಕೌಂಟರ್ ತುಂಬಾ ಹರಡಿಬಿಡತ್ತೆ.

ಸ್ಯಾಂಡ್ ಪೇಪರ್ 120 ಇಲ್ಲಾ 150 ಗ್ರಿಟ್ ಸಾಕು. ಲ್ಯಾಮಿನೇಟ್ ತೆಗೆಯೋದು ಉದ್ದೇಶ ಅಲ್ಲ, ಹೊಳಪು ಹೋಗ್ಬೇಕು ಅಷ್ಟೇ, ಲೈಟ್ ಹಿಡಿದು ಓರೆಯಲ್ಲಿ ನೋಡಿದ್ರೆ ಎಲ್ಲೆಲ್ಲಿ ಇನ್ನೂ ಮಿಂಚ್ತಾ ಇದೆ ಅಂತ ಕಾಣತ್ತೆ, ಅಲ್ಲಿ ಇನ್ನೊಂದ್ಸಲ ಉಜ್ಜಿ. ಅಂಚು, ಮೂಲೆ, ಮುಂದಿನ ಪಟ್ಟಿ ಮರೀಬೇಡಿ, ಪೇಂಟ್ ಏಳೋದು ಹೆಚ್ಚಾಗಿ ಅಲ್ಲಿಂದಾನೇ. ಎನ್95 ಮಾಸ್ಕ್ ಹಾಕ್ಕೊಳ್ಳಿ, ಪಾತ್ರೆ ದಿನಸಿ ಎಲ್ಲಾ ಬೇರೆ ರೂಮಿಗೆ ಸಾಗಿಸಿ. ಧೂಳು ವ್ಯಾಕ್ಯೂಮ್ ಮಾಡಿ, ಒದ್ದೆ ಮೈಕ್ರೋಫೈಬರ್ ಬಟ್ಟೇಲಿ ಒರೆಸಿ, ಕೊನೇಗೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒಂದ್ಸಲ ಒರೆಸಿ ಬಿಟ್ಬಿಡಿ, ಆಮೇಲೆ ಬರೀ ಕೈಯಲ್ಲಿ ಮುಟ್ಬೇಡಿ.

ಇಲ್ಲಿಂದ ಮುಂದೆ ಒಂದು ವಿಷಯ ಗಟ್ಟಿಯಾಗಿ ನೆನಪಿಟ್ಕೊಳ್ಳಿ: ಆ ಆಲ್ಕೋಹಾಲ್, ಶೆಲ್ಯಾಕ್ (ಅರಗು) ಪ್ರೈಮರ್ ಅಂದ್ರೆ ಪೇಂಟ್ ಹಿಡಿಯೋಕೆ ಅದಕ್ಕೂ ಮುಂಚೆ ಹಚ್ಚೋದು, ಥಿನ್ನರ್ ಇವೆಲ್ಲದರ ಹಬೆಗೂ ಬೆಂಕಿ ಹತ್ಕೊಳ್ಳತ್ತೆ. ಗ್ಯಾಸ್ ಮೇನ್ ಆಫ್ ಮಾಡಿ, ಕಿಟಕಿ ತೆಗೀರಿ, ಕೆಲ್ಸ ಮುಗಿದು ವಾಸನೆ ಹೋಗೋವರೆಗೂ ಅಡುಗೆಮನೇಲಿ ಸ್ಟವ್ ಹಚ್ಚೋದು ಬೇಡ. ಊಟಕ್ಕೆ ಬೇರೆ ವ್ಯವಸ್ಥೆ ಮೊದ್ಲೇ ಮಾಡ್ಕೊಳ್ಳಿ.

ಪ್ರೈಮರ್ ತಗೊಳ್ಳುವಾಗ ಡಬ್ಬದ ಮೇಲೆ ಬಾಂಡಿಂಗ್ ಪ್ರೈಮರ್ ಅಂತ, ಲ್ಯಾಮಿನೇಟ್ ಇಲ್ಲಾ ಗ್ಲಾಸಿ ಸರ್ಫೇಸ್‌ಗೆ ಆಗತ್ತೆ ಅಂತ ಬರೆದಿರ್ಬೇಕು. ಮೊದ್ಲು ಮಿಕ್ಸಿ ಇಡೋ ಮೂಲೆ ಥರ ಕಾಣದ ಜಾಗದಲ್ಲಿ ಅಂಗೈ ಅಗಲ ಹಚ್ಚಿ ಒಂದು ದಿನ ಬಿಡಿ. ಆಮೇಲೆ ಬ್ಲೇಡಲ್ಲಿ ಚಿಕ್ಕ ಚಿಕ್ಕ ಚೌಕ ಬರೋ ಹಾಗೆ ಅಡ್ಡ ಉದ್ದ ಗೀಟು ಹಾಕಿ, ಅದರ ಮೇಲೆ ಟೇಪ್ ಒತ್ತಿ ಅಂಟಿಸಿ ಝಟ್ ಅಂತ ಕಿತ್ತು ನೋಡಿ. ಟೇಪ್ ಜೊತೆ ಚೌಕಗಳು ಎದ್ದು ಬಂದ್ರೆ ಜಿಡ್ಡು ಉಳಿದಿದೆ, ಇಲ್ಲಾ ಉಜ್ಜಿದ್ದು ಸಾಲಿಲ್ಲ, ಇಲ್ಲಾ ಪ್ರೈಮರೇ ಸರಿಯಿಲ್ಲ ಅಂತ ಅರ್ಥ, ಹಿಂದಕ್ಕೆ ಹೋಗಿ ಸರಿ ಮಾಡಿ. ಈ ಒಂದು ದಿನ ಹೋದ್ರೆ ಹೋಗ್ಲಿ, ಎಲ್ಲಾ ಮುಗಿಸಿದ ಮೇಲೆ ಗೊತ್ತಾದ್ರೆ ಪೂರ್ತಿ ಕೆರೆದು ತೆಗೀಬೇಕಾಗತ್ತೆ.

ಚೌಕಗಳು ಏಳದೇ ಇದ್ರೆ ಇಡೀ ಕೌಂಟರ್‌ಗೆ ಪ್ರೈಮರ್ ಹಚ್ಚಿ ಒಣಗೋಕೆ ಬಿಡಿ. ಪೇಂಟ್‌ಗೆ ಅಕ್ರಿಲಿಕ್ ಎನಾಮಲ್ ಇಲ್ಲಾ ಯುರೆಥೇನ್ ಎನಾಮಲ್ ತಗೊಳ್ಳಿ, ಗೋಡೆ ಎಮಲ್ಷನ್ ಬೇಡ. ಗೋಡೆ, ಸಿಂಕ್ ಅಂಚಿಗೆಲ್ಲಾ ಮಾಸ್ಕಿಂಗ್ ಟೇಪ್ ಹಾಕಿ, ಮೂಲೆಗಳಿಗೆ ಬ್ರಶ್, ಉಳಿದಿದ್ದಕ್ಕೆ 4 ಇಂಚಿನ ಫೋಮ್ ರೋಲರ್. ಕೋಟ್ ತೆಳ್ಳಗಿರ್ಲಿ, ಮೊದಲ ಕೋಟ್‌ನಲ್ಲಿ ಕೆಳಗಿನದು ಕಾಣ್ತಾ ಇದ್ರೆ ಗಾಬರಿ ಆಗಿ ಮತ್ತೆ ಮತ್ತೆ ತೀಡ್ಬೇಡಿ, ಎರಡನೇದು ಮೂರನೇದರಲ್ಲಿ ಮುಚ್ಚತ್ತೆ. ನಡುವೆ ತರಿತರಿ ಅನಿಸಿದ್ರೆ 220 ಗ್ರಿಟ್‌ನಲ್ಲಿ ಹಗುರವಾಗಿ ಸವರಿ ಒರೆಸಿ. ಗ್ರಾನೈಟ್ ಥರ ಬೇಕಂದ್ರೆ ಒದ್ದೆ ಮಾಡಿ ಹಿಂಡಿದ ಸ್ಪಂಜಲ್ಲಿ ಮೂರ್ನಾಲ್ಕು ಹತ್ತಿರ ಹತ್ತಿರದ ಬಣ್ಣ ಒತ್ತುತ್ತಾ ಹೋಗ್ಬಹುದು, ಸ್ಪಂಜ್ ಆಗಾಗ ತಿರುಗಿಸ್ತಾ ಇರಿ ಇಲ್ಲಾಂದ್ರೆ ಒಂದೇ ಅಚ್ಚು ಸಾಲಾಗಿ ಕಾಣತ್ತೆ.

ಟಾಪ್ ಕೋಟ್, ಅಂದ್ರೆ ಪೇಂಟ್ ಕಾಪಾಡೋಕೆ ಮೇಲೆ ಹಚ್ಚೋ ಪಾರದರ್ಶಕ ಪದರ, ಇಲ್ದೆ ಬಿಡ್ಬೇಡಿ, ದಿನಾ ಒರೆಸೋ ಜಾಗಕ್ಕೆ ಬರೀ ಪೇಂಟ್ ತಡ್ಕೊಳ್ಳಲ್ಲ. ತಿಳಿ ಬಣ್ಣ ಆದ್ರೆ ವಾಟರ್ ಬೇಸ್ ಪಾಲಿಯುರೆಥೇನ್ ಹಾಕಿ, ಆಯಿಲ್ ಬೇಸ್‌ದು ದಿನ ಕಳೀತಾ ಹಳದಿಗೆ ತಿರುಗತ್ತೆ. ಗಾಜಿನ ಥರ ದಪ್ಪ ಹೊಳಪು ಬೇಕಂದ್ರೆ ಎರಡು ಭಾಗ ಕಲೆಸೋ ಎಪಾಕ್ಸಿ ಇದೆ, ಆದ್ರೆ ಅಳತೆ ಡಬ್ಬದಲ್ಲಿ ಹೇಳಿದಷ್ಟೇ ಇರ್ಬೇಕು, ಅಂದಾಜಲ್ಲಿ ಸುರಿದ್ರೆ ಎಷ್ಟು ದಿನ ಆದ್ರೂ ಅಂಟಂಟಾಗೇ ಉಳಿಯತ್ತೆ. ಕಲೆಸಿದ ಮೇಲೆ ಟೈಮ್ ಕಮ್ಮಿ, ಹಾಗಾಗಿ ಕೈಗೆ ನೈಟ್ರೈಲ್ ಗ್ಲೌಸ್ ಹಾಕ್ಕೊಂಡು ಎಲ್ಲಾ ರೆಡಿ ಇಟ್ಕೊಂಡೇ ಕಲೆಸಿ. ಮೊದಲ ಸಲ ಮಾಡೋರಿಗೆ ನಾನು ಪಾಲಿಯುರೆಥೇನೇ ಹೇಳ್ತೀನಿ, ತೆಳ್ಳಗೆ ಮೂರು ಕೋಟ್, ತಪ್ಪಾದ್ರೂ ಸವರಿ ಸರಿ ಮಾಡ್ಬಹುದು.

ಇನ್ನು ಕಾಯೋದು. ಮುಟ್ಟಿದ್ರೆ ಕೈಗೆ ಅಂಟಲ್ಲ ಅಂದ ಮಾತ್ರಕ್ಕೆ ಒಳಗೆ ಗಟ್ಟಿಯಾಗಿದೆ ಅಂತಲ್ಲ. ಪಾಲಿಯುರೆಥೇನ್ ಪೂರ್ತಿ ಗಟ್ಟಿಯಾಗೋಕೆ ಮೂರ್ನಾಲ್ಕು ವಾರ ಬೇಕು, ಗಾಳಿಯಲ್ಲಿ ತೇವ ಜಾಸ್ತಿ ಇದ್ರೆ ಇನ್ನೂ ನಿಧಾನ. ಮೊದಲ ಎರಡು ಮೂರು ದಿನ ಏನೂ ಇಡ್ಬೇಡಿ, ಆಮೇಲೆ ಹಗುರ ಸಾಮಾನು ಇಡ್ಬಹುದು ಆದ್ರೆ ಎಳೆಯೋ ಹಾಗಿಲ್ಲ, ಭಾರದ ಗ್ರೈಂಡರ್ ಮಿಕ್ಸಿ ಎಲ್ಲಾ ತಿಂಗಳ ಮೇಲೇನೇ. ಸಿಂಕ್ ಸುತ್ತ ಹೊಸ ಸಿಲಿಕಾನ್ ಹಾಕೋದೂ ಟಾಪ್ ಕೋಟ್ ಚೆನ್ನಾಗಿ ಒಣಗಿದ ಮೇಲೆ.

ಬಳಕೇಲಿ ಎರಡು ಶತ್ರು, ಚಾಕು ಮತ್ತೆ ಬಿಸಿ. ಕಟಿಂಗ್ ಬೋರ್ಡ್ ಇಲ್ದೆ ಹೆಚ್ಚಬೇಡಿ, ಹಿಟ್ಟು ನೇರವಾಗಿ ಕೌಂಟರ್ ಮೇಲೆ ನಾದೋದು ಬೇಡ. ಎಪಾಕ್ಸಿ ಹಾಕಿದೀನಿ ಅಂತ ಧೈರ್ಯದಿಂದ ಕುಕ್ಕರ್ ಇಳಿಸ್ಬೇಡಿ, ಸಾಮಾನ್ಯ ಎಪಾಕ್ಸಿ 60 ಡಿಗ್ರಿ ಆಸುಪಾಸಲ್ಲೇ ಮೆತ್ತಗಾಗೋಕೆ ಶುರುವಾಗತ್ತೆ, ಕುದಿಯೋ ಪಾತ್ರೆ 100 ಡಿಗ್ರಿ ಇರತ್ತೆ. ಸ್ಟೀಲ್ ಸ್ಕ್ರಬ್ಬರ್, ಬ್ಲೀಚ್ ದೂರ ಇಡಿ, ಮೆತ್ತನೆ ಬಟ್ಟೆ ಸೋಪು ನೀರು ಸಾಕು. ಉಳಿದ ಪೇಂಟ್ ಮತ್ತೆ ಟಾಪ್ ಕೋಟ್‌ನ ಚಿಕ್ಕ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿಟ್ಕೊಳ್ಳಿ, ಎಲ್ಲಾದ್ರೂ ಚಕ್ಕೆ ಎದ್ರೆ ನೀರು ಒಳಗೆ ಇಳಿಯೋ ಮುಂಚೆ ಆ ವಾರವೇ ಸವರಿ ಹಚ್ಚಿಬಿಡಿ.