ಗೋಲ್ ಯಾರದು, ಗೆಲುವು ಯಾರದು: ಎರಡನ್ನೂ ಒಂದೇ ಚೀಟಿಯಲ್ಲಿ ಬರೆದ ನನ್ನ ಅನುಭವ

2022ರ ನವೆಂಬರ್ 22. ಎ ಶಿಫ್ಟ್ ಮುಗಿಸಿ ತೋರಣಗಲ್ಲಿನಿಂದ ಬಳ್ಳಾರಿಗೆ ಬಂದವನು ಮನೆಗೂ ಹೋಗದೆ ನೇರ ಗೆಳೆಯನ ರೂಮಿಗೆ ಹೋದೆ. ಮಧ್ಯಾಹ್ನ ಮೂರೂವರೆಗೆ ಫುಟ್‌ಬಾಲ್ ವಿಶ್ವಕಪ್‌ನ ಅರ್ಜೆಂಟೀನಾ, ಸೌದಿ ಅರೇಬಿಯಾ ಪಂದ್ಯ. ನಾವು ಒಂಬತ್ತು ಜನ. ಸ್ಟೀಲ್ ಡಬ್ಬಿಯಲ್ಲಿ ಒಂಬತ್ತು ಚೀಟಿ. ಅದರಲ್ಲಿ ಏಳರಲ್ಲಿ ಇದ್ದದ್ದು ಒಂದೇ ಸಾಲು: ಮೆಸ್ಸಿ ಗೋಲ್, ಅರ್ಜೆಂಟೀನಾ ಗೆಲುವು. ಹತ್ತನೇ ನಿಮಿಷಕ್ಕೆ ಮೆಸ್ಸಿ ಪೆನಾಲ್ಟಿ ಹೊಡೆದ. ರೂಮ್ ತುಂಬ ಕೂಗು. ಆಮೇಲೆ ಸೌದಿ ಕಡೆಯಿಂದ 48ನೇ ನಿಮಿಷಕ್ಕೆ ಅಲ್ ಶೆಹ್ರಿ, 53ಕ್ಕೆ ಅಲ್ ದೌಸರಿ. 36 ಪಂದ್ಯ ಸೋಲದೆ ಬಂದಿದ್ದ ತಂಡ 1-2ರಿಂದ ಸೋತಿತು. ಏಳು ಚೀಟಿಗೂ ಸೊನ್ನೆ.

ಗೋಲ್ ಹೊಡೆಯುವವನನ್ನೂ ಗೆಲ್ಲುವ ತಂಡವನ್ನೂ ಸೇರಿಸಿ ಹೇಳುವ ಈ ಆಟ ನಮ್ಮಲ್ಲಿ ಶುರುವಾದದ್ದು 2018ರ ವಿಶ್ವಕಪ್‌ನಲ್ಲಿ. ನಾನು ಕೆಲಸ ಮಾಡುವ ಪ್ಲಾಂಟಿನಲ್ಲಿ ಕೇರಳದವರು, ಬಂಗಾಳದವರು, ಗೋವಾದವರು ಎಲ್ಲ ಇದ್ದಾರೆ. ಫುಟ್‌ಬಾಲ್ ಹುಚ್ಚು ಹತ್ತಿಸಿದ್ದು ಅವರೇ. ಮೊದಲು ಯಾರು ಗೆಲ್ಲುತ್ತಾರೆ ಅಂತ ಮಾತ್ರ ಬರೆಯುತ್ತಿದ್ದೆವು. ಎಲ್ಲರೂ ದೊಡ್ಡ ತಂಡವನ್ನೇ ಬರೆದರೆ ಮಜಾ ಏನಿದೆ? ಹಾಗಾಗಿ ಆಟಗಾರನ ಹೆಸರನ್ನೂ ಸೇರಿಸಿದೆವು. ದುಡ್ಡು ಇಲ್ಲ, ಬರೀ ಪಾಯಿಂಟ್. ಟೂರ್ನಿಯ ಕೊನೆಗೆ ಕೆಳಗಿರುವ ಇಬ್ಬರು ಎಲ್ಲರಿಗೂ ಒಗ್ಗರಣೆ, ಮಿರ್ಚಿ ಕೊಡಿಸಬೇಕು. ಲೆಕ್ಕದ ನೋಟ್‌ಬುಕ್ ನನ್ನ ಹತ್ತಿರ.

ಪಾಯಿಂಟ್ ಎಷ್ಟು ಕೊಡಬೇಕು ಅನ್ನೋದೇ ಮೊದಲ ತಲೆನೋವು. ಎಷ್ಟು ಅಪರೂಪವೋ ಅಷ್ಟು ಜಾಸ್ತಿ ಪಾಯಿಂಟ್ ಇರಬೇಕು, ಅದು ಸರಿ. ಒಂದು ಸಂಗತಿ ನೂರಕ್ಕೆ ಎಷ್ಟು ಸಲ ಆಗಬಹುದೋ, ನೂರನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬಂದದ್ದೇ ಪಾಯಿಂಟ್. ನೂರಕ್ಕೆ ಐವತ್ತು ಸಲ ಆಗುವಂಥದ್ದಕ್ಕೆ 2, ನೂರಕ್ಕೆ ಹತ್ತು ಸಲ ಆಗುವಂಥದ್ದಕ್ಕೆ 10. ಎರಡು ಸಂಗತಿ ಸೇರಿದಾಗ ನಾನು ಸುಮ್ನೆ ಎರಡರ ಪಾಯಿಂಟನ್ನು ಗುಣಿಸಿಬಿಟ್ಟಿದ್ದೆ. ತಪ್ಪಾದದ್ದು ಅಲ್ಲೇ.

ಅದು ತಿಳಿದದ್ದು ಶೇಂಗಾ ತಿನ್ನುತ್ತಾ ಕೂತಿದ್ದಾಗ. ಪೇಪರ್ ಹಾಸಿ ನೂರು ಕಾಳು ಎಣಿಸಿ ಇಟ್ಟೆ. ಒಂದೊಂದು ಕಾಳು ಒಂದೊಂದು ಪಂದ್ಯ. ನಮ್ಮ ತಂಡ 50 ಗೆಲ್ಲುತ್ತೆ, 25 ಡ್ರಾ, 25 ಸೋಲು ಅಂತ ಇಟ್ಟುಕೊಂಡೆ. ನಮ್ಮ ಸ್ಟ್ರೈಕರ್ 40 ಪಂದ್ಯದಲ್ಲಿ ಗೋಲ್ ಹೊಡೀತಾನೆ. ಗುಣಿಸಿದರೆ ಅವನ ಗೋಲೂ ತಂಡದ ಗೆಲುವೂ ಒಟ್ಟಿಗೆ ಬರೋದು 20 ಪಂದ್ಯದಲ್ಲಿ. ಆದರೆ ಆ 40 ಕಾಳನ್ನು ಪಕ್ಕಕ್ಕೆ ಸರಿಸಿ ನೋಡಿ. ಅವನು ಗೋಲ್ ಹೊಡೆದ ಪಂದ್ಯಗಳು ಅವು. ಅಲ್ಲಿ ತಂಡ ಅರ್ಧ ಮಾತ್ರ ಗೆಲ್ಲುತ್ತಾ? ಇಲ್ಲ, ಜಾಸ್ತಿ ಗೆಲ್ಲುತ್ತೆ. ಮೂವತ್ತು ಗೆಲುವು, ಆರು ಡ್ರಾ, ನಾಲ್ಕು ಸೋಲು ಅಂತ ಹಂಚಿದೆ. ಹಾಗಾದರೆ ನೂರನ್ನು 20ರಿಂದ ಅಲ್ಲ, 30ರಿಂದ ಭಾಗಿಸಬೇಕು; ಸರಿಯಾದ ಪಾಯಿಂಟ್ 5 ಅಲ್ಲ, 3.33. ನಾನು ಇಷ್ಟು ದಿನ ಮೆಸ್ಸಿ-ಅರ್ಜೆಂಟೀನಾ ಬರೆದವರಿಗೆಲ್ಲ ಪುಕ್ಕಟೆ ಪಾಯಿಂಟ್ ಹಂಚಿದ್ದೆ!

ಇನ್ನೊಂದು ಕಡೆ ನೋಡಿ. ಅವನು ಗೋಲ್ ಹೊಡೆದೂ ತಂಡ ಸೋಲೋದು ನಾಲ್ಕೇ ಕಾಳು. ಗುಣಿಸಿದ್ದರೆ ಹತ್ತು ಅಂತ ಬರುತ್ತಿತ್ತು. ಅಂದರೆ ಅದಕ್ಕೆ 25 ಪಾಯಿಂಟ್ ಕೊಡಬೇಕಿತ್ತು, ನಾನು 10 ಕೊಡುತ್ತಿದ್ದೆ. ಸೌದಿ ಪಂದ್ಯದಲ್ಲಿ ಆದದ್ದು ಈ ನಾಲ್ಕು ಕಾಳಿನಲ್ಲಿ ಒಂದು. ಅದೇ ವಿಶ್ವಕಪ್‌ನ ಕ್ವಾರ್ಟರ್ ಫೈನಲ್‌ನಲ್ಲೂ ಹಾಗೇ ಆಯಿತು. ಇಂಗ್ಲೆಂಡ್‌ನ ಸ್ಟ್ರೈಕರ್ ಕೇನ್ ಪೆನಾಲ್ಟಿಯಲ್ಲಿ ಒಂದು ಗೋಲ್ ಹೊಡೆದ, ಇನ್ನೊಂದು ಪೆನಾಲ್ಟಿ ಮೇಲೆ ಹಾರಿಸಿದ, ಇಂಗ್ಲೆಂಡ್ ಫ್ರಾನ್ಸ್‌ಗೆ 1-2ರಿಂದ ಸೋತಿತು.

ಈಗ ನಾನು ಚೀಟಿ ಬರೆಯುವಾಗ ಎರಡು ಪ್ರಶ್ನೆ ಬೇರೆ ಬೇರೆ ಕೇಳಿಕೊಳ್ಳೋದಿಲ್ಲ. ಇವನು ಗೋಲ್ ಹೊಡೆದರೆ ಪಂದ್ಯ ಹೇಗೆ ಕಾಣುತ್ತೆ ಅಂತ ಮೊದಲು ಯೋಚಿಸುತ್ತೇನೆ. ಗೋಲ್ ಕಡಿಮೆ ಬರುವ ಬಿಗಿ ಪಂದ್ಯದಲ್ಲಿ ಒಬ್ಬನ ಗೋಲೇ ಹೆಚ್ಚುಕಮ್ಮಿ ಗೆಲುವು. ನಾಲ್ಕೈದು ಗೋಲ್ ಬರುವ ಪಂದ್ಯದಲ್ಲಿ ಅವನದೊಂದು ಗೋಲ್‌ಗೆ ಅಷ್ಟು ತೂಕ ಇರೋದಿಲ್ಲ. ಆಮೇಲೆ ಪೆನಾಲ್ಟಿ ಯಾರು ಹೊಡೀತಾರೆ ನೋಡುತ್ತೇನೆ. ಆಡುವ ಹನ್ನೊಂದು ಜನರ ಪಟ್ಟಿ ಪಂದ್ಯಕ್ಕೆ ಸುಮಾರು ಒಂದು ಗಂಟೆ ಮುಂಚೆ ಬರುತ್ತೆ, ಅದನ್ನು ನೋಡದೆ ಡಬ್ಬಿಗೆ ಚೀಟಿ ಹಾಕೋದಿಲ್ಲ.

ನಿಯಮಗಳನ್ನು ಮಾತ್ರ ನಾವು ಜಗಳ ಆಡಿಯೇ ಕಲಿತದ್ದು. 2018ರ ಫೈನಲ್, ಫ್ರಾನ್ಸ್, ಕ್ರೊಯೇಷಿಯಾ. 18ನೇ ನಿಮಿಷಕ್ಕೆ ಕ್ರೊಯೇಷಿಯಾದ ಮಾಂಜುಕಿಚ್ ತಲೆಗೆ ತಾಗಿ ಚೆಂಡು ಅವನದೇ ಗೋಲಿಗೆ ಹೋಯಿತು. ಮೊದಲ ಗೋಲ್ ಯಾರದು? ಕಣ್ಣೂರಿನ ಗೆಳೆಯ ಮಾಂಜುಕಿಚ್ ಹೆಸರನ್ನೇ ಬರೆದಿದ್ದ. "ಅಣ್ಣ, ಹೆಸರು ಬಂತಲ್ವಾ, ಪಾಯಿಂಟ್ ಹಾಕಿ" ಅಂತ ಪಟ್ಟು ಹಿಡಿದ. ಬುಕ್ಕಿಗಳ ಕಡೆಯ ವಾಡಿಕೆ ಏನು ಅಂತ ಹುಡುಕಿ ನೋಡಿದೆ. ಸ್ವಂತ ಗೋಲ್ ಆಟಗಾರನ ಲೆಕ್ಕಕ್ಕೆ ಬರೋದಿಲ್ಲ, ಸ್ಕೋರಿಗೆ ಮಾತ್ರ ಬರುತ್ತೆ. ಮೊದಲ ಗೋಲ್ 28ನೇ ನಿಮಿಷದ ಪೆರಿಸಿಚ್‌ದು ಅಂತ ಬರೆದೆ.

ಮರುವರ್ಷ ಮಾರ್ಚ್ 17ಕ್ಕೆ ಐಎಸ್ಎಲ್ (ನಮ್ಮ ದೇಶದ ಫುಟ್‌ಬಾಲ್ ಲೀಗ್) ಫೈನಲ್, ಬೆಂಗಳೂರು ಎಫ್‌ಸಿ ಮತ್ತು ಗೋವಾ. ನಮ್ಮ ರಾಜ್ಯದ ತಂಡ, ಎಲ್ಲರೂ ಛೆಟ್ರಿ ಗೋಲ್, ಬೆಂಗಳೂರು ಗೆಲುವು. 90 ನಿಮಿಷ 0-0. ಹೆಚ್ಚುವರಿ ಆಟದ 117ನೇ ನಿಮಿಷಕ್ಕೆ ಡಿಫೆಂಡರ್ ರಾಹುಲ್ ಭೇಕೆ ತಲೆಯಿಂದ ಹೊಡೆದ, ಕಪ್ ನಮ್ಮದಾಯಿತು. ಗೆಲುವಿಗೆ ಅರ್ಧ ಪಾಯಿಂಟ್ ಕೊಡಿ ಅಂತ ಗಲಾಟೆ. ಅವತ್ತೇ ನೋಟ್‌ಬುಕ್‌ನ ರಟ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದೆ: 90 ನಿಮಿಷ, ಜೊತೆಗೆ ರೆಫರಿ ಸೇರಿಸುವ ನಿಮಿಷಗಳು, ಅಷ್ಟೇ ಲೆಕ್ಕ. ಆಟಗಾರ ಮೈದಾನಕ್ಕೇ ಇಳಿಯದಿದ್ದರೆ ಚೀಟಿ ವಾಪಸ್. ಎರಡೂ ಸರಿಯಾದರೆ ಮಾತ್ರ ಪಾಯಿಂಟ್, ಅರ್ಧಂಬರ್ಧ ಇಲ್ಲ.

ದುಡ್ಡು ಯಾಕಿಲ್ಲ ಅಂತ ಹೊಸಬರು ಕೇಳುತ್ತಾರೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಆ್ಯಪ್‌ನಲ್ಲಿ ಇದೇ ಜೋಡಿ ಬೆಟ್ ಕಟ್ಟಿ ಸಾಲ ಮಾಡಿಕೊಂಡ. ಅವನು ಪಂದ್ಯ ಓದುವುದರಲ್ಲಿ ನನಗಿಂತ ಜಾಣ. ಅವನಿಗೂ ಶೇಂಗಾ ಲೆಕ್ಕ ತೋರಿಸಿದೆ. ಒಂದು ಪಂದ್ಯದ ಗೆಲುವು, ಡ್ರಾ, ಸೋಲಿಗೆ 2.00, 3.40, 3.80 ಅಂತ ರೇಟು (ಬೆಟ್ ಗೆದ್ದರೆ ಒಂದು ರೂಪಾಯಿಗೆ ಕೈಗೆ ಬರುವ ದುಡ್ಡು) ಇದ್ದರೆ, ನೂರನ್ನು ಒಂದೊಂದರಿಂದ ಭಾಗಿಸಿ ಕೂಡಿ. 105.7 ಬರುತ್ತೆ. ನೂರರ ಮೇಲಿನ ಆ ಐದೂ ಮುಕ್ಕಾಲು ರೇಟು ಇಟ್ಟವನ ಪಾಲು. ಜೋಡಿ ಬೆಟ್‌ನಲ್ಲಿ ಆ ಪಾಲು ಸಾಮಾನ್ಯವಾಗಿ ಇನ್ನೂ ದಪ್ಪ, ಮೇಲಿಂದ ಕಣ್ಣಿಗೂ ಕಾಣೋದಿಲ್ಲ. 3.33 ಇರಬೇಕಾದ ಕಡೆ 2.80 ಅಂತ ಹಾಕಿದರೆ ಯಾರಿಗೆ ಗೊತ್ತಾಗುತ್ತೆ? 2025ರ ಆಗಸ್ಟ್‌ನಲ್ಲಿ ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾನೂನು ಬಂತು. ಆ ಹುಡುಗ ಅದಕ್ಕೂ ಮುಂಚೆಯೇ ಬಿಟ್ಟಿದ್ದ. ಈಗ ನಮ್ಮ ಡಬ್ಬಿಗೆ ಚೀಟಿ ಹಾಕುತ್ತಾನೆ.

90 ನಿಮಿಷದ ನಿಯಮ ನನಗೇ ನೋವು ಕೊಟ್ಟದ್ದು 2022ರ ಡಿಸೆಂಬರ್ 18ರ ರಾತ್ರಿ, ಅರ್ಜೆಂಟೀನಾ, ಫ್ರಾನ್ಸ್ ವಿಶ್ವಕಪ್ ಫೈನಲ್‌ನಲ್ಲಿ. ನನ್ನ ಚೀಟಿ: ಮೊದಲ ಗೋಲ್ ಮೆಸ್ಸಿ, ಅರ್ಜೆಂಟೀನಾ ಗೆಲುವು. 23ನೇ ನಿಮಿಷಕ್ಕೆ ಮೆಸ್ಸಿಯ ಪೆನಾಲ್ಟಿ, 36ಕ್ಕೆ ಡಿ ಮರಿಯಾ. 79 ನಿಮಿಷದವರೆಗೂ ನಾನು ಗೆದ್ದವನೇ. ಆಮೇಲೆ ಫ್ರಾನ್ಸ್‌ನ ಎಂಬಾಪೆ 80ಕ್ಕೊಂದು, 81ಕ್ಕೊಂದು. 90 ನಿಮಿಷಕ್ಕೆ 2-2. ನಮ್ಮ ಪುಸ್ತಕದಲ್ಲಿ ಅದು ಡ್ರಾ. ಹೆಚ್ಚುವರಿ ಆಟ 3-3 ಆಗಿ, ಶೂಟೌಟ್‌ನಲ್ಲಿ 4-2ರಿಂದ ಅರ್ಜೆಂಟೀನಾ ಕಪ್ ಎತ್ತುವಾಗ ನಾನೂ ಕುಣಿದೆ. ಕುಣಿದು ಮುಗಿಸಿ, ಪುಸ್ತಕ ತೆಗೆದು, ನನ್ನ ಹೆಸರಿನ ಮುಂದೆ ಸೊನ್ನೆ ಬರೆದೆ. ಕಣ್ಣೂರಿನವನ ಚೀಟಿ ಬಿಚ್ಚಿದೆ. "ಎಂಬಾಪೆ ಗೋಲ್, ಡ್ರಾ" ಅಂತಿತ್ತು. ಅವನಿಗೆ 12 ಪಾಯಿಂಟ್ ಬಂತು. ಮಾರನೇ ದಿನ ಮಿರ್ಚಿ ಕೊಡಿಸಿದ ಇಬ್ಬರಲ್ಲಿ ನಾನೂ ಒಬ್ಬ.