ಟೊಮೆಟೊ ಮಂಡಿಗೆ ಯಾವ ಕ್ಯಾಮೆರಾ: ಡಿವಿಆರ್ ಸೆಟ್ಟೋ, ಐಪಿಯೋ?

ಕೋಲಾರ ಎಪಿಎಂಸಿಯ ಮಂಡಿಗಳಿಗೆ ಸಿಸಿಟಿವಿ ಕ್ಯಾಮೆರಾ ಹಾಕುವುದು ನನ್ನ ಕೆಲಸ. "ಎಷ್ಟು ಮೆಗಾಪಿಕ್ಸೆಲ್ ಹಾಕ್ತೀಯಪ್ಪ?" ಅಂತಲೇ ಮಾಲೀಕರು ಮಾತು ಶುರು ಮಾಡುತ್ತಾರೆ. ನಾನು ಟೇಪ್ ತೆಗೆದು ಮೊದಲು ಕ್ಯಾಮೆರಾದಿಂದ ರೆಕಾರ್ಡರ್‌ವರೆಗಿನ ದೂರ ಅಳೆಯುತ್ತೇನೆ. ಡಿವಿಆರ್ ಸೆಟ್ ಎಂದರೆ ಟಿವಿ ಕೇಬಲ್‌ನಂಥ ಕೋಆಕ್ಸಿಯಲ್ ವೈರಿನಲ್ಲಿ ಚಿತ್ರ ತಂದು ಡಿವಿಆರ್ ಎಂಬ ರೆಕಾರ್ಡರ್‌ನಲ್ಲಿ ಉಳಿಸುವುದು. ಐಪಿ ಎಂದರೆ ಕಂಪ್ಯೂಟರ್ ನೆಟ್‌ವರ್ಕ್ ಮೂಲಕ ಎನ್‌ವಿಆರ್ ಎಂಬ ರೆಕಾರ್ಡರ್‌ಗೆ ಚಿತ್ರ ಕಳಿಸುವುದು.

ಐಪಿ ಕ್ಯಾಮೆರಾಗೆ ವೈರೇ ಬೇಡ, ಆದರೆ ಇಂಟರ್ನೆಟ್ ಇರಲೇಬೇಕು ಅಂತ ಬಹಳ ಜನ ನಂಬಿದ್ದಾರೆ. ಮಂಡಿಗೆ ಹಾಕುವ ಐಪಿಗೂ ವೈರ್ ಎಳೆಯಲೇಬೇಕು. ನೆಟ್ ಇಲ್ಲದಿದ್ದರೂ ಎನ್‌ವಿಆರ್‌ನಲ್ಲಿ ರೆಕಾರ್ಡ್ ಆಗುತ್ತಲೇ ಇರುತ್ತದೆ. ಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ನೋಡಲು ಮಾತ್ರ ನೆಟ್ ಬೇಕು.

ಡಿವಿಆರ್ ಸೆಟ್‌ನ ಕೋಆಕ್ಸಿಯಲ್ ಕೇಬಲ್ ಅಪ್ಪಟ ತಾಮ್ರದ್ದಾದರೆ 2 ಮೆಗಾಪಿಕ್ಸೆಲ್ ಚಿತ್ರವನ್ನು 300 ಮೀಟರ್‌ವರೆಗೂ ತರುತ್ತದೆ. ತೊಂದರೆ ಇರುವುದು ಕರೆಂಟಿನಲ್ಲಿ. 12 ವೋಲ್ಟ್ ಅಷ್ಟು ದೂರ ಹೋಗುವಷ್ಟರಲ್ಲಿ ಇಳಿದು, ರಾತ್ರಿ ಐಆರ್ ಲೈಟ್ (ಕತ್ತಲಲ್ಲೂ ಕಾಣಲು ಕ್ಯಾಮೆರಾದಲ್ಲಿರುವ ಲೈಟ್) ಹತ್ತಿದ ಕೂಡಲೇ ಕ್ಯಾಮೆರಾ ಆಫ್ ಆಗುತ್ತದೆ. ದೂರದ ಕ್ಯಾಮೆರಾದ ಪಕ್ಕದಲ್ಲೇ ಅಡಾಪ್ಟರ್ ಇಡಬೇಕು. ಆಗ ಆ ಪಾಯಿಂಟಿಗೂ ಯುಪಿಎಸ್ ಲೈನ್ ಎಳೆಯಬೇಕು, ಇಲ್ಲದಿದ್ದರೆ ಕರೆಂಟ್ ಹೋದಾಗ ಅದು ಕುರುಡು.

ಐಪಿಯಲ್ಲಿ ಚಿತ್ರ, ಕರೆಂಟ್ ಎರಡೂ ಒಂದೇ ಕ್ಯಾಟ್6 ನೆಟ್‌ವರ್ಕ್ ಕೇಬಲ್‌ನಲ್ಲಿ ಹೋಗುತ್ತವೆ. ಆ ಕೇಬಲ್‌ಗಳಿಗೆ ಕರೆಂಟ್ ಕೊಡುವ ಪಿಒಇ ಸ್ವಿಚ್ ಎಂಬ ಪೆಟ್ಟಿಗೆಗೂ ಎನ್‌ವಿಆರ್‌ಗೂ ಒಂದು ಯುಪಿಎಸ್ ಕೊಟ್ಟರೆ ಅಷ್ಟೂ ಕ್ಯಾಮೆರಾ ಉಳಿಯುತ್ತವೆ. ರಾತ್ರಿಯೆಲ್ಲ ಲೋಡ್ ಇಳಿಯುವ ಸೀಸನ್ನಿನಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಆದರೆ ಕೇಬಲ್ 100 ಮೀಟರ್ ದಾಟಬಾರದು. ದಾಟಿದರೆ ನಡುವೆ ಇನ್ನೊಂದು ಸ್ವಿಚ್ ಬೇಕು.

ಹಾಗಾಗಿ ಒಂದೇ ಶೆಡ್, ನಾಲ್ಕಾರು ಕ್ಯಾಮೆರಾ, ಹಳೇ ಕೋಆಕ್ಸಿಯಲ್ ಚೆನ್ನಾಗಿದೆ ಎಂದರೆ ಅದನ್ನು ಕಿತ್ತು ಹಾಕಿಸಬೇಡಿ. ಡಿವಿಆರ್, ಕ್ಯಾಮೆರಾ ಮಾತ್ರ ಬದಲಿಸಿ, ದುಡ್ಡು ಉಳಿಯುತ್ತದೆ. ಹೊಸ ಕಟ್ಟಡ, ಪಕ್ಕದಲ್ಲಿ ಗೋಡೌನ್, ಮುಂದೆ ಇನ್ನಷ್ಟು ಕ್ಯಾಮೆರಾ ಸೇರಿಸುವ ಯೋಚನೆ ಇದ್ದರೆ ಕಣ್ಣುಮುಚ್ಚಿ ಐಪಿ ಹಾಕಿಸಿ. ಫಿಟ್ಟಿಂಗ್ ಆದ ದಿನವೇ ಪಾಸ್‌ವರ್ಡ್ ಬದಲಿಸಿ, ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ಹಾರ್ಡ್ ಡಿಸ್ಕ್‌ನಲ್ಲಿ ಜಿಪುಣತನ ಬೇಡ. ಒಂದೊಂದು ಕ್ಯಾಮೆರಾ 2 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 2 ಮೆಗಾಬಿಟ್) ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 21 ಜಿಬಿ. ಎಂಟು ಕ್ಯಾಮೆರಾ, 30 ದಿನ ಎಂದರೆ 5 ಟಿಬಿ ದಾಟುತ್ತದೆ, 6 ಟಿಬಿಯದೇ ತೆಗೆದುಕೊಳ್ಳಿ. ರೈತ ಎರಡು ವಾರ ಬಿಟ್ಟು ಬಂದು ಬಾಕ್ಸ್ ಲೆಕ್ಕ ಕೇಳಿದರೆ ತೋರಿಸಲು ರೆಕಾರ್ಡಿಂಗ್ ಇರಬೇಕಲ್ಲ?

ಬಿಲ್ ಚುಕ್ತಾ ಮಾಡುವ ಮುಂಚೆ ರಾತ್ರಿಯ ರೆಕಾರ್ಡಿಂಗ್ ಹಾಕಿಸಿ, ತೂಕದ ಯಂತ್ರದ ಅಂಕಿ ಓದಲು ಬರುತ್ತದೆಯೇ ನೋಡಿ. ಬರದಿದ್ದರೆ ಆ ಜಾಗದ 2.8 ಎಂಎಂ ಲೆನ್ಸ್ ತೆಗೆಸಿ, ಕಡಿಮೆ ಜಾಗವನ್ನೇ ದೊಡ್ಡದಾಗಿ ತೋರಿಸುವ 6 ಎಂಎಂ ಹಾಕಿಸಿ.